ಒದ್ದೆ ಬಟ್ಟೆ ಮತ್ತು ಬೀಗವಿರುವ ಮೇಜು

ಮಗಳ ಮನೆಗೆ ಹೋದ ತಾಯಂದಿರು ಕೈಕಟ್ಟಿ ಕೂರುವುದಿಲ್ಲ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನನ್ನ ಮಗಳು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದಾಳೆ. ಅವಳ ಎರಡನೆಯ ಹೆರಿಗೆಯ ಸಮಯದಲ್ಲಿ ನಾನು ಐದು ತಿಂಗಳು ಅಲ್ಲಿದ್ದೆ. ಮನೆಯ ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಹಳೆಯ ಬರೆಯುವ ಮೇಜಿತ್ತು. ನಮ್ಮ ಶಾಲೆಯ ಮೇಜಿನಂತೆ ಚಪ್ಪಟೆಯಾದುದಲ್ಲ. ಕೆಳಗೆ ಮೂರು ಡ್ರಾಯರ್‌ಗಳು, ಮೇಲೆ ಇಳಿಜಾರಾದ ಒಂದು ಮುಚ್ಚಳ. ಬೀಗ ತೆರೆದು ಮುಚ್ಚಳವನ್ನು ಮುಂದಕ್ಕೆ ಮಲಗಿಸಿದರೆ ಅದೇ ಬರೆಯುವ ಹಲಗೆಯಾಗುತ್ತದೆ. ಒಳಗೆ ಕಾಗದಗಳನ್ನಿಡಲು ಪಾರಿವಾಳದ ಗೂಡುಗಳಂತಹ ಪುಟ್ಟ ಪುಟ್ಟ ಖಾನೆಗಳು. ಇದನ್ನು ಅಲ್ಲಿಯವರು ಬ್ಯೂರೋ ಎನ್ನುತ್ತಾರೆ. ಮಗಳು ಅದನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದಿದ್ದಳಂತೆ. ದೊಡ್ಡ ಮಗು ಮಲಗಿದ ಮೇಲೆ ರಾತ್ರಿ ಅರ್ಧ ಗಂಟೆ ಅದರ ಮುಂದೆ ಕೂತು ಏನೋ ಬರೆಯುತ್ತಿದ್ದಳು. ಬರೆದಾದ ಮೇಲೆ ಬೀಗ ಹಾಕುತ್ತಿದ್ದಳು.

ಒಂದು ದಿನ ಅವಳು ಆಸ್ಪತ್ರೆಗೆ ತಪಾಸಣೆಗೆ ಹೋದಾಗ ನಾನು ಮನೆ ಸ್ವಚ್ಛ ಮಾಡತೊಡಗಿದೆ. ಆ ಮೇಜಿನ ಮೇಲೆ ಹಳೆಯ ಜಿಡ್ಡು ಕೂತಂತೆ ಕಾಣುತ್ತಿತ್ತು. ನಮ್ಮ ಮನೆಯ ಸಾಗುವಾನಿ ಮೇಜನ್ನು ಉಜ್ಜುವ ಹಾಗೆಯೇ ಸಾಬೂನು ನೀರಿನ ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆ. ಅಷ್ಟರಲ್ಲಿ ಮೊಮ್ಮಗ ಎದ್ದು ಅತ್ತ. ಒದ್ದೆ ಬಟ್ಟೆಯನ್ನು ಅಲ್ಲೇ ಮುಚ್ಚಳದ ಮೂಲೆಯಲ್ಲಿ ಬಿಟ್ಟು ಓಡಿದೆ. ನೆನಪಾದದ್ದು ಮಧ್ಯಾಹ್ನ. ಬಟ್ಟೆ ಎತ್ತಿ ನೋಡುತ್ತೇನೆ, ಮರದ ಮೇಲ್ಮೈ ದೋಸೆಯ ಗುಳ್ಳೆಯಂತೆ ಎದ್ದು ನಿಂತಿದೆ! ಅಂಚಿನ ಒಂದು ಚೂರು ನನ್ನ ಕೈಗೇ ಬಂತು. ಅದರ ಕೆಳಗೆ ಬೇರೆಯೇ ಮರ, ಬಿಳಿಚಿಕೊಂಡ ಸಾಧಾರಣ ಪೈನ್.

ಮಗಳು ಬಂದಾಗ ತಪ್ಪೊಪ್ಪಿಕೊಳ್ಳುವ ಬದಲು ನಾನು ಮೊದಲು ಹೇಳಿದ್ದೇನು ಗೊತ್ತೇ? “ನಿನಗೆ ಮೋಸ ಮಾಡಿದ್ದಾರೆ ಮಗಳೇ, ಇದು ಒಳ್ಳೆಯ ಮರವೇ ಅಲ್ಲ. ಮೇಲೆ ತೆಳ್ಳಗಿನ ಪಟ್ಟಿ ಅಂಟಿಸಿದ್ದಾರೆ ಅಷ್ಟೆ.” ಅವಳು ಏನೂ ಹೇಳಲಿಲ್ಲ. ಕಿತ್ತುಬಂದ ಚೂರನ್ನು ಒಂದು ಲಕೋಟೆಯಲ್ಲಿ ಹಾಕಿ ಒಳಗಿಟ್ಟು ಬೀಗ ಹಾಕಿದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ರಾತ್ರಿ ಅವಳು ಬರೆಯಲು ಕೂರಲಿಲ್ಲ. ಮರುದಿನವೂ ಕೂರಲಿಲ್ಲ.

ಮೂರನೆಯ ದಿನ ಅಳಿಯನನ್ನು ಕರೆದುಕೊಂಡು ಹಳೆಯ ಪೀಠೋಪಕರಣ ದುರಸ್ತಿ ಮಾಡುವ ಒಬ್ಬ ಮುದುಕರ ಬಳಿ ಹೋದೆ. ಸಣ್ಣ ಶೆಡ್ಡು, ತುಂಬ ಮರದ ಹುಡಿ, ಸ್ಟವ್ ಮೇಲೆ ಬಿಸಿ ಅಂಟಿನ ಪಾತ್ರೆ. ಅಳಿಯನ ಮೂಲಕ ನಾನು ಅದೇ ಮೋಸದ ಮಾತನ್ನು ಹೇಳಿಸಿದೆ. ಅವರು ನಕ್ಕರು. ಮೋಸವಾಗಿರುವುದು ಮೇಜಿನಲ್ಲಲ್ಲ, ಒದ್ದೆ ಬಟ್ಟೆಯಲ್ಲಿ ಎಂದರು. ಆಮೇಲೆ ಆ ಮನುಷ್ಯ ತೋರಿಸಿಕೊಟ್ಟದ್ದನ್ನೂ, ಅಂದಿನಿಂದ ನಾನು ಕುತೂಹಲದಿಂದ ಓದಿ, ನೋಡಿ ತಿಳಿದುಕೊಂಡದ್ದನ್ನೂ ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ. ಅಡುಗೆ, ಮಕ್ಕಳು ಬಿಟ್ಟು ಇದೇನು ಮರಗೆಲಸ ಎನ್ನಬೇಡಿ. ನಿಮ್ಮ ಮನೆಯ ಕಪಾಟಿನ ಬಾಗಿಲಲ್ಲೂ ಇಂದು ಇದೇ ವಿನಿಯರ್ ಇರಬಹುದು.

ಮರವನ್ನು ತೆಳ್ಳಗಿನ ಹಾಳೆಗಳಾಗಿ ಸೀಳಿ ಇನ್ನೊಂದು ಮರದ ಮೇಲೆ ಅಂಟಿಸುವುದೇ ವಿನಿಯರ್ ಕೆಲಸ. ಬಹಳ ಪುರಾತನ ವಿದ್ಯೆ ಇದು. ಈಜಿಪ್ಟಿನ ಪ್ರಾಚೀನ ಗೋರಿಗಳಲ್ಲೂ ಇಂತಹ ವಸ್ತುಗಳು ಸಿಕ್ಕಿವೆ. ಆದರೆ ಇಂಗ್ಲೆಂಡಿನ ಬಡಗಿಗಳು ಹದಿನೇಳನೆಯ ಶತಮಾನದ ನಡುವಿನವರೆಗೂ ಮುಖ್ಯವಾಗಿ ಓಕ್ ಮರದ ದಪ್ಪ ಹಲಗೆಗಳನ್ನೇ ಜೋಡಿಸಿ ಕೆಲಸ ಮಾಡುತ್ತಿದ್ದರು. ಗಟ್ಟಿ, ಆದರೆ ಭಾರ. 1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ದೇಶಭ್ರಷ್ಟತೆಯಿಂದ ಮರಳಿ ಬಂದು ಸಿಂಹಾಸನವೇರಿದ. ಅವನ ಆಸ್ಥಾನದವರು ಫ್ರಾನ್ಸ್, ಹಾಲೆಂಡ್‌ಗಳ ಸೊಗಸನ್ನು ಕಣ್ಣಾರೆ ಕಂಡು ಬಂದವರು. ಅವರಿಗೆ ಓಕ್ ಪೆಟ್ಟಿಗೆಗಳು ಹಳ್ಳಿಗಾಡಿನವೆನಿಸಿದವು. ಡಚ್ ಕುಶಲಕರ್ಮಿಗಳು ಬಂದರು. 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯದ ಆಜ್ಞೆಯನ್ನು ರದ್ದುಪಡಿಸಿದಾಗ ಅಲ್ಲಿಂದ ಸಾವಿರಾರು ಕುಟುಂಬಗಳು ಓಡಿಬಂದವು. ಅವರಲ್ಲೂ ನುರಿತ ಕೆಲಸಗಾರರಿದ್ದರು. ಇಂಗ್ಲಿಷ್ ಕುಶಲತೆ ಎಂದು ಇಂದು ಜಗತ್ತು ಕೊಂಡಾಡುವ ವಿದ್ಯೆಯಲ್ಲಿ ನಿರಾಶ್ರಿತರ ಕೈಗಳ ಪಾಲು ದೊಡ್ಡದು.

ಅದೇ ಕಾಲಕ್ಕೆ ಪತ್ರ ಬರೆಯುವುದು ಹೆಚ್ಚಿತು. 1680ರಲ್ಲಿ ಲಂಡನ್ನಿನಲ್ಲಿ ಒಂದು ಪೆನ್ನಿಗೆ ನಗರದೊಳಗೆ ಪತ್ರ ತಲುಪಿಸುವ ಅಂಚೆ ಆರಂಭವಾಯಿತು. ವ್ಯಾಪಾರ ಬೆಳೆಯಿತು, ಲೆಕ್ಕಪತ್ರ ಬೆಳೆಯಿತು. ಕಾಗದಗಳನ್ನಿಡಲು ಜಾಗ ಬೇಕಾಯಿತು, ಬೇರೆಯವರ ಕಣ್ಣು ತಪ್ಪಿಸಲು ಬೀಗವೂ ಬೇಕಾಯಿತು. ಹಾಗೆ ಹುಟ್ಟಿದ್ದೇ ಈ ಬ್ಯೂರೋಗಳು. ಮುಚ್ಚಳ ಮಲಗಿಸುವ ಮೊದಲು ಕೆಳಗಿನಿಂದ ಎರಡು ಪಟ್ಟಿಗಳನ್ನು ಮುಂದಕ್ಕೆ ಎಳೆಯಬೇಕು, ಅವೇ ಅದನ್ನು ಹೊರುತ್ತವೆ. ಒಳಗಿನ ಖಾನೆಗಳ ನಡುವೆ ಅಲಂಕಾರದ ಪುಟ್ಟ ಕಂಬಗಳಿರುತ್ತವೆ. ಬರೀ ಅಲಂಕಾರವೆಂದು ತಿಳಿದು ನೀವು ಸುಮ್ಮನಾಗುತ್ತೀರಿ. ಗೊತ್ತಿದ್ದವರು ಎಳೆದರೆ ಕಂಬವೇ ಹೊರಬರುತ್ತದೆ, ಹಿಂದೆ ನಿಲುವಾಗಿ ಕಾಗದವಿಡುವ ಗುಪ್ತ ಪೆಟ್ಟಿಗೆ! ಕೆಲವದರಲ್ಲಿ ಮೇಲೆ ಕನ್ನಡಿಯ ಬಾಗಿಲುಗಳ ಕಪಾಟಿರುತ್ತದೆ. ಕನ್ನಡಿಯ ಬುಡದಲ್ಲಿ ಎರಡು ಪುಟ್ಟ ಹಲಗೆಗಳು ಹೊರಬರುತ್ತವೆ, ಮೇಣದ ಬತ್ತಿ ಇಡಲಿಕ್ಕೆ. ಒಂದು ಬತ್ತಿಯ ಬೆಳಕು ಕನ್ನಡಿಯಲ್ಲಿ ಎರಡಾಗುತ್ತದೆ. ಕರೆಂಟಿಲ್ಲದ ಕಾಲದ ಈ ಬುದ್ಧಿವಂತಿಕೆಗೆ ನಾನಂತೂ ಮನಸೋತೆ.

ಈಗ ನನ್ನ ಮೋಸದ ಪ್ರಶ್ನೆಗೆ ಬರೋಣ. ಒಳ್ಳೆಯ ಮರವಿದ್ದರೆ ಅದರಿಂದಲೇ ಇಡೀ ಮೇಜನ್ನು ಏಕೆ ಮಾಡಬಾರದು? ಮುದುಕರು ಒಂದು ಅಕ್ರೋಟ್ ಮರದ ಗಂಟಿನ ತುಂಡನ್ನು ನನ್ನ ಕೈಗಿತ್ತರು. ಮರದ ಬುಡದಲ್ಲೋ ಕಾಂಡದಲ್ಲೋ ಎದ್ದ ಗಡ್ಡೆಯಂತಹ ಭಾಗ ಅದು. ಸೀಳಿದರೆ ಒಳಗೆ ಸುಳಿಸುಳಿಯಾದ, ಮೋಡದಂತಹ ಚಿತ್ತಾರ. ನೋಡಲು ಅಷ್ಟು ಚೆಂದ. ಆದರೆ ನಾರು ಒಂದು ದಿಕ್ಕಿನಲ್ಲಿ ಹರಿಯದ ಕಾರಣ ಹಲಗೆಯಾಗಿ ನಿಲ್ಲುವುದಿಲ್ಲ. ಸೊಟ್ಟಗಾಗುತ್ತದೆ, ಬಿರಿಯುತ್ತದೆ, ಭಾರ ತಾಳದೆ ಮುರಿಯುತ್ತದೆ. ಮರದ ಅತ್ಯಂತ ಸುಂದರ ಭಾಗವೇ ಅತ್ಯಂತ ದುರ್ಬಲ ಭಾಗ. ಅದನ್ನು ಹೊರಲು ನೇರ ನಾರಿನ, ಹದವಾಗಿ ಒಣಗಿದ ಇನ್ನೊಂದು ಮರ ಬೇಕು. ಅದಕ್ಕೇ ಬಾಲ್ಟಿಕ್ ಕರಾವಳಿಯಿಂದ ತಂದ ಪೈನ್ ಅಥವಾ ಓಕ್ ಮರದಿಂದ ಒಡಲನ್ನು ಕಟ್ಟಿ, ಮೇಲೆ ಅಕ್ರೋಟಿನ ಹಾಳೆ ಹೊದಿಸುತ್ತಿದ್ದರು. ಬಡ ಮರವನ್ನು ಸಿರಿವಂತ ಮರವೆಂದು ತೋರಿಸಲು ಹೊದಿಸಿದ್ದಲ್ಲ. ಒಂದನ್ನೊಂದು ಹೊತ್ತುಕೊಳ್ಳಲಿ ಎಂದು ಕೂಡಿಸಿದ್ದು.

ಹಾಳೆ ಸೀಳುವುದೇ ಒಂದು ತಪಸ್ಸು. ತುಂಡನ್ನು ನಿಲುವಾಗಿ ಬಿಗಿದು, ಚೌಕಟ್ಟಿನ ಗರಗಸವನ್ನು ಇಬ್ಬರು ಆಚೀಚೆ ಹಿಡಿದು ಎಳೆಯಬೇಕು. ಕೈ ಗರಗಸದ ಹಾಳೆಗಳು ಸುಮಾರು ಒಂದೂವರೆಯಿಂದ ಮೂರು ಮಿಲಿಮೀಟರ್ ದಪ್ಪ. ಗರಗಸ ತಿಂದ ಹುಡಿಯಲ್ಲೇ ಎಷ್ಟೋ ಮರ ಹೋಗುತ್ತದೆ. ಒಂದರ ಹಿಂದೆ ಒಂದಾಗಿ ಸೀಳಿದ ಹಾಳೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿಡುತ್ತಾರೆ, ಏಕೆಂದರೆ ಪಕ್ಕದ ಎರಡು ಹಾಳೆಗಳ ಚಿತ್ತಾರ ಒಂದೇ. ಒಂದನ್ನು ಮಗುಚಿ ಇನ್ನೊಂದರ ಪಕ್ಕ ಇಟ್ಟರೆ ತೆರೆದ ಪುಸ್ತಕದ ಎರಡು ಪುಟಗಳಂತೆ, ಕನ್ನಡಿಯಲ್ಲಿ ಕಂಡಂತೆ ಹೊಂದಿಕೊಳ್ಳುತ್ತವೆ. ನಾಲ್ಕು ಹಾಳೆಗಳಾದರೆ ಹೂವೇ ಅರಳುತ್ತದೆ. ಕೊಂಬೆಯನ್ನು ಅಡ್ಡಲಾಗಿ ಬಿಲ್ಲೆಬಿಲ್ಲೆ ಕೊಯ್ದು ಹೊಂದಿಸಿದರೆ ಸಿಂಪಿಗಳನ್ನು ಹರಡಿದಂತೆ ಕಾಣುತ್ತದೆ. ಅದಕ್ಕೆ ಸಿಂಪಿ ವಿನಿಯರ್ ಎಂದೇ ಹೆಸರು. ಡ್ರಾಯರಿನ ಅಂಚಿನ ಸುತ್ತ ಓರೆಯಾದ ನಾರಿನ ಎರಡು ಎಳೆಪಟ್ಟಿಗಳನ್ನು ಎದುರುಬದುರು ಕೂರಿಸಿ ಹಕ್ಕಿಯ ಗರಿಯಂತೆ ಮಾಡುತ್ತಾರೆ. ಸೀರೆಗೆ ಅಂಚು ಕೂರಿಸುವ ಕಷ್ಟ ಬಲ್ಲ ನಿಮಗೆ ಇದರ ಬೆಲೆ ಬೇಗ ತಿಳಿದೀತು.

ಅಂಟು? ಪ್ರಾಣಿಗಳ ಚರ್ಮ ಕುದಿಸಿ ಮಾಡಿದ ಸರೇಸು. ಅದನ್ನು ನೇರ ಬೆಂಕಿಗಿಡದೆ, ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಬಿಸಿ ಮಾಡುತ್ತಾರೆ. ಒಡಲಿನ ಹಲಗೆಯನ್ನು ಹಲ್ಲುಗಳಿರುವ ಕೀಸುಳಿಯಿಂದ ಗೀರಿ ಒರಟಾಗಿಸುತ್ತಾರೆ, ಅಂಟು ಹಿಡಿಯಲಿ ಎಂದು. ಬಿಸಿ ಅಂಟು ಬಳಿದು ಹಾಳೆ ಇಟ್ಟು, ಒಂದು ವಿಶೇಷ ಸುತ್ತಿಗೆಯಿಂದ ಒತ್ತುತ್ತಾ ಹೋಗುತ್ತಾರೆ. ಹೆಸರು ಸುತ್ತಿಗೆ, ಆದರೆ ಹೊಡೆಯುವುದಕ್ಕಲ್ಲ. ನಡುವಿನಿಂದ ಅಂಚಿಗೆ ಅಂಟನ್ನೂ ಗಾಳಿಯನ್ನೂ ತಳ್ಳಲಿಕ್ಕೆ. ಅಂಟು ಆರುವುದರೊಳಗೆ ಕೆಲಸ ಮುಗಿಯಬೇಕು. ಒಂದು ಕಡೆ ಗಾಳಿ ಉಳಿದರೂ ಮುಂದೊಂದು ದಿನ ಅಲ್ಲಿ ಗುಳ್ಳೆ ಏಳುತ್ತದೆ. ಅವರು ಬೆರಳಿನ ಉಗುರಿನಿಂದ ಮೇಜಿನ ಮೇಲೆ ಟಕ್ ಟಕ್ ಎಂದು ತಟ್ಟಿ ನನಗೆ ಕೇಳಿಸಿದರು. ಅಂಟಿದ ಕಡೆ ಗಟ್ಟಿ ಸದ್ದು, ಬಿಟ್ಟ ಕಡೆ ಪೊಳ್ಳು ಸದ್ದು. ತೆಂಗಿನಕಾಯಿ ಆರಿಸುವಾಗ ನಾವು ಮಾಡುವುದೂ ಅದನ್ನೇ ಅಲ್ಲವೇ?

ಇಷ್ಟೆಲ್ಲ ಮಾಡಿದವರು ಯಾರು? ಹೆಚ್ಚಿನ ಮೇಜುಗಳ ಮೇಲೆ ಯಾರ ಹೆಸರೂ ಇಲ್ಲ. ಆದರೆ ಲಂಡನ್ನಿನ ಸಂತ ಪೌಲರ ಚರ್ಚಿನ ಆವರಣದಲ್ಲಿ ‘ಬಿಳಿ ಹಂಸ’ದ ಗುರುತಿದ್ದ ಒಂದು ಅಂಗಡಿಯವರು ತಮ್ಮ ಡ್ರಾಯರಿನ ಒಳಗೆ ಮುದ್ರಿತ ಚೀಟಿ ಅಂಟಿಸುತ್ತಿದ್ದರು. ಅದರ ಮಾಲಿಕ ಜಾನ್ ಕಾಕ್ಸೆಡ್ ಎಂಬವನು 1718ರಲ್ಲಿ ತೀರಿಕೊಂಡ. ಆಮೇಲಿನ ಚೀಟಿಗಳಲ್ಲಿ ಕಾಣುವುದು ‘ಜಿ. ಕಾಕ್ಸೆಡ್ ಮತ್ತು ಟಿ. ವೋಸ್ಟರ್’ ಎಂಬ ಹೆಸರುಗಳು. ಟಿ. ಎಂದರೆ ಸಂಬಂಧಿಕ ಥಾಮಸ್ ವೋಸ್ಟರ್. ಜಿ. ಎಂದರೆ? ಗ್ರೇಸ್, ಜಾನ್‌ನ ವಿಧವೆ!

ಸಹೋದರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಅವಳ ಹಣ, ಒಡವೆ, ಗಳಿಕೆ ಎಲ್ಲವೂ ಗಂಡನದಾಗುತ್ತಿತ್ತು. ಅವಳ ಮೇಜಿನ ಬೀಗದ ಕೈ ಅವಳ ಸೊಂಟದಲ್ಲಿದ್ದರೂ ಕಾನೂನಿನ ಕಣ್ಣಿನಲ್ಲಿ ಮೇಜು ಅವನದೇ. ಇದು ಪೂರ್ತಿಯಾಗಿ ಬದಲಾಗಲು 1882ರ ಕಾಯಿದೆಯವರೆಗೆ ಕಾಯಬೇಕಾಯಿತು. ಆದರೆ ವಿಧವೆ ತನ್ನ ಹೆಸರಿನಲ್ಲಿ ವ್ಯಾಪಾರ ಮಾಡಬಹುದಿತ್ತು. ಗ್ರೇಸ್ ಮಾಡಿದ್ದು ಅದನ್ನೇ. 1730ರ ದಶಕದ ನಡುವಿನವರೆಗೂ ಆ ಅಂಗಡಿ ನಡೆಯಿತು. ಅವರ ಬ್ಯೂರೋಗಳು ಇಂದು ಸಂಗ್ರಹಕಾರರ ಬಾಯಲ್ಲಿ ಪ್ರಸಿದ್ಧ. ಹೊಂಬಣ್ಣದ ಮೇಲೆ ಕಪ್ಪು ಗೆರೆಗಳ ಸುಳಿ, ಆಮೆಚಿಪ್ಪನ್ನು ಬೆಳಕಿಗೆ ಹಿಡಿದಂತೆ. ಅಂಚಿನಲ್ಲಿ ಬೆಳ್ಳಿಯಂತೆ ಹೊಳೆಯುವ ತವರದ ಮಿಶ್ರಲೋಹದ ಸಣ್ಣ ಎಳೆ. ಇದು ಮಲ್ಬರಿ, ಅಂದರೆ ಹಿಪ್ಪುನೇರಳೆ ಮರವೆಂದೇ ಬಹುಕಾಲ ಜನ ನಂಬಿದ್ದರು. ಆಮೇಲೆ ಪರೀಕ್ಷಿಸಿ ನೋಡಿದರೆ ಸ್ಥಳೀಯ ಮೇಪಲ್‌ನಂತಹ ಅಗ್ಗದ ಮರದ ಗಂಟು! ಅದಕ್ಕೆ ತೀಕ್ಷ್ಣ ಆಮ್ಲ ಬಳಿದು, ದೀಪದ ಮಸಿ ತಿಕ್ಕಿ ಆ ಬಣ್ಣ ತರಿಸಿದ್ದರು. ಆಮ್ಲ ಮೆತ್ತನೆಯ ಭಾಗವನ್ನು ಕಚ್ಚುತ್ತದೆ, ಮಸಿ ಅಲ್ಲೇ ಕೂರುತ್ತದೆ. ಊರಿನ ಸಾಮಾನ್ಯ ಮರದಿಂದ ಅರಮನೆಯ ಸೊಬಗು ತೆಗೆದ ಆ ಅಂಗಡಿಯ ಗುಟ್ಟು ಇದು. ಗ್ರೇಸ್ ಸ್ವತಃ ಗರಗಸ ಹಿಡಿದಿರಲಿಕ್ಕಿಲ್ಲ. ಆದರೆ ಮರ ಕೊಳ್ಳುವುದು, ಕೂಲಿ ಕೊಡುವುದು, ಗಿರಾಕಿಗಳೊಡನೆ ವ್ಯವಹರಿಸುವುದು ಸಣ್ಣ ಕೆಲಸವೇ?

ಇಂಥದೇ ಇನ್ನೊಂದು ಒಂಟಿ ಅಕ್ಷರ ಇದೆ. ಹೆಪಲ್‌ವೈಟ್ ಶೈಲಿ ಎಂದು ಜಗತ್ತಿನ ಎಲ್ಲ ಪೀಠೋಪಕರಣ ಪುಸ್ತಕಗಳಲ್ಲಿ ಬರುತ್ತದೆ. ಜಾರ್ಜ್ ಹೆಪಲ್‌ವೈಟ್ ಬದುಕಿದ್ದಾಗ ದೊಡ್ಡ ಹೆಸರೇನೂ ಗಳಿಸಿರಲಿಲ್ಲ. 1786ರಲ್ಲಿ ಸತ್ತ. ಅವನ ವಿನ್ಯಾಸಗಳ ಪುಸ್ತಕ ಹೊರಬಂದದ್ದು 1788ರಲ್ಲಿ, ‘ಎ. ಹೆಪಲ್‌ವೈಟ್ ಮತ್ತು ಕಂಪೆನಿ’ಯ ಹೆಸರಿನಲ್ಲಿ. ಎ. ಎಂದರೆ ಆಲಿಸ್, ಅವನ ವಿಧವೆ. ಅವಳು ಆ ಪುಸ್ತಕ ಹೊರತರದಿದ್ದರೆ ಆ ಹೆಸರನ್ನು ಇಂದು ಯಾರೂ ಹೇಳುತ್ತಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳದಿದ್ದರೆ ಅರ್ಧಸತ್ಯವಾದೀತು. 1709ರ ಭೀಕರ ಚಳಿಗೆ ಯುರೋಪಿನ ಅನೇಕ ಅಕ್ರೋಟ್ ಮರಗಳು ಸತ್ತವು. 1721ರಲ್ಲಿ ಬ್ರಿಟಿಷ್ ಸಂಸತ್ತು ಅಮೆರಿಕ ಖಂಡದ ತನ್ನ ವಸಾಹತುಗಳಿಂದ ಬರುವ ಮರದ ಸುಂಕವನ್ನು ತೆಗೆದುಹಾಕಿತು. ಜಮೈಕಾದಿಂದ ಮಹಾಗನಿ ಹಡಗುಗಟ್ಟಲೆ ಬರತೊಡಗಿತು. ಕೆಂಪು ಹೊಳಪು, ಹುಳ ಹಿಡಿಯದ ಗಟ್ಟಿ ಮರ. ಅದನ್ನು ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಮುಂದೆ ಇಂದಿನ ಬೆಲೀಜ್ ದೇಶದ ಕಾಡುಗಳಲ್ಲಿ, ಒಬ್ಬ ಗುಲಾಮ ಎತ್ತರದ ಮರದ ತುದಿಗೇರಿ ಎಲೆಗಳ ಬಣ್ಣ ನೋಡಿ ಮಹಾಗನಿ ಎಲ್ಲಿದೆಯೆಂದು ಗುರುತಿಸುತ್ತಿದ್ದ. ಉಳಿದವರು ದಾರಿ ಕಡಿದು, ಮರ ಉರುಳಿಸಿ, ನದಿಯವರೆಗೆ ಎಳೆಯುತ್ತಿದ್ದರು.

ಲೀಡ್ಸ್‌ನಲ್ಲಿ ಟೆಂಪಲ್ ನ್ಯೂಸಮ್ ಎಂಬ ಹಳೆಯ ಬಂಗಲೆ ಇದೆ, ಈಗ ಅದು ನಗರಕ್ಕೆ ಸೇರಿದ ಸಂಗ್ರಹಾಲಯ. ಅಲ್ಲಿ ಥಾಮಸ್ ಚಿಪ್ಪೆಂಡೇಲ್ ಸುಮಾರು 1771ರಲ್ಲಿ ಹತ್ತಿರದ ಹೇರ್‌ವುಡ್ ಅರಮನೆಗಾಗಿ ಮಾಡಿಸಿದ ಬೃಹತ್ ಬರೆಯುವ ಮೇಜಿದೆ. 1965ರಲ್ಲಿ ಹರಾಜಿಗೆ ಬಂದಾಗ ಲೀಡ್ಸ್‌ಗೆ ಉಳಿಸಿಕೊಂಡರು. ಚಿಪ್ಪೆಂಡೇಲ್ ಇದೇ ಪ್ರಾಂತದ ಓಟ್ಲಿ ಎಂಬ ಸಣ್ಣ ಊರಿನ ಬಡಗಿಯ ಮಗ, 1718ರಲ್ಲಿ ಹುಟ್ಟಿದವನು. ನನ್ನ ಸಮಾಧಾನಕ್ಕೆಂದು ಮಗಳೇ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಬೀಟೆ ಜಾತಿಯ ಮರ, ಸ್ಯಾಟಿನ್‌ವುಡ್ ಎಂಬ ಹಳದಿ ರೇಶ್ಮೆಯಂತಹ ಮರ, ನಡುವೆ ಹೂಮಾಲೆಗಳ ಚಿತ್ರ. ಎಲ್ಲವೂ ತೆಳ್ಳಗಿನ ಮರದ ಚೂರುಗಳಿಂದಲೇ. ಹೂವಿನ ಎಸಳಿಗೆ ನೆರಳು ಬರಲು ಚೂರಿನ ಅಂಚನ್ನು ಬಿಸಿ ಮರಳಿನಲ್ಲಿ ಅದ್ದಿ ಕಂದಿಸುತ್ತಿದ್ದರಂತೆ. ನಾನು ಬಾಯಿ ತೆರೆದು ನೋಡುತ್ತಿದ್ದಾಗ ಮಗಳು ಮೆಲ್ಲಗೆ ಹೇಳಿದಳು: “ಉಮ್ಮಾ, ಆ ಅರಮನೆಯವರ ಹಣ ಎಲ್ಲಿಂದ ಬಂತು ಗೊತ್ತಾ? ವೆಸ್ಟ್ ಇಂಡೀಸ್‌ನ ಸಕ್ಕರೆ ತೋಟಗಳಿಂದ.” ಆ ಲಾಸೆಲ್ಸ್ ಕುಟುಂಬದ ಸಂಪತ್ತಿನ ಮೂಲ ಗುಲಾಮರ ದುಡಿಮೆ ಎಂಬುದು ಇತಿಹಾಸ ಒಪ್ಪಿದ ಸಂಗತಿ. ಮೇಲ್ಪದರ ಎಷ್ಟೇ ಚೆಂದವಿರಲಿ, ಕೆಳಗಿನದನ್ನು ನೋಡಲು ಕಲಿತವಳು ನನ್ನ ಮಗಳು. ನಾನೋ, ಕೆಳಗೆ ಪೈನ್ ಕಂಡದ್ದಕ್ಕೇ ರಂಪ ಮಾಡಿದವಳು!

ನಮ್ಮ ದೇಶಕ್ಕೂ ಈ ಮೇಜುಗಳಿಗೂ ಸಂಬಂಧವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆ ಹಡಗೇರಿ ಹೋಗಿ ಅಲ್ಲಿ ವಿನಿಯರ್ ಹಾಳೆಗಳಾಯಿತು. ಮೇಲೆ ಹಚ್ಚುವ ಕನ್ನಡಿಯಂತಹ ಪಾಲಿಶಿಗೆ ಬೇಕಾದ ಅರಗೂ ಹೋದದ್ದು ಭಾರತದಿಂದಲೇ. ಆದರೆ ಅಲ್ಲಿ ತಯಾರಾದ ವಿನಿಯರ್ ಮೇಜು ಇಲ್ಲಿಗೆ ಬಂದರೆ ಬಾಳುವುದು ಕಷ್ಟ. ನಮ್ಮ ಮಳೆಗಾಲದ ತೇವಕ್ಕೆ ಸರೇಸು ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಹಾಳೆ ಎದ್ದುಬಿಡುತ್ತದೆ. ಹಾಗಾಗಿ ಇಲ್ಲಿಗೆ ಬರುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ಗಟ್ಟಿ ಮರದಿಂದಲೇ ಮಾಡಿ ಮೂಲೆಗಳಿಗೆ ಹಿತ್ತಾಳೆ ಪಟ್ಟಿ ಹೊಡೆದ ಪೆಟ್ಟಿಗೆ, ಮೇಜುಗಳನ್ನು ತರುತ್ತಿದ್ದರು. ಇನ್ನು ಆಂಧ್ರದ ವಿಶಾಖಪಟ್ಟಣದ ಕುಶಲಕರ್ಮಿಗಳು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷ್ ಬ್ಯೂರೋಗಳ ಮಾದರಿ ನೋಡಿ ಅದೇ ಆಕಾರದವನ್ನು ತಾವೇ ಮಾಡಿ, ಮರದ ಬದಲು ಆನೆಯ ದಂತದ ಹಾಳೆ ಹೊದಿಸಿ, ಕಪ್ಪು ಗೆರೆಗಳಲ್ಲಿ ಹೂಬಳ್ಳಿ ಕೊರೆದು ಕೊಟ್ಟರು. ಅವು ಸಮುದ್ರ ದಾಟಿ ಇಂಗ್ಲೆಂಡಿನ ಶ್ರೀಮಂತರ ಮನೆ ಸೇರಿದವು. ನಮ್ಮ ಮೈಸೂರಿನ ಬೀಟೆ ಕೆತ್ತನೆಯ ಕೆಲಸ ಇದಕ್ಕಿಂತ ಭಿನ್ನ. ಅಲ್ಲಿ ಗಟ್ಟಿ ಬೀಟೆಯಲ್ಲಿ ಗುಳಿ ತೋಡಿ ಅದರೊಳಗೆ ಬೇರೆ ಬಣ್ಣದ ಚೂರುಗಳನ್ನು ಕೂರಿಸುತ್ತಾರೆ. ಮೈಸೂರಿಗೆ ಹೋದರೆ ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಆ ಕೆಲಸದವರ ಬಗ್ಗೆ ವಿಚಾರಿಸಿ, ಅವರ ಕೈ ನೋಡಿ ಬನ್ನಿ.

ಹಾಗಾದರೆ ವಿನಿಯರ್ ಎಂಬ ಮಾತಿಗೆ ಕೆಟ್ಟ ಹೆಸರು ಬಂದದ್ದು ಹೇಗೆ? ಯಂತ್ರದಿಂದ. 1806ರಲ್ಲಿ ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರ್ ವಿನಿಯರ್ ಸೀಳುವ ಯಂತ್ರಕ್ಕೆ ಪೇಟೆಂಟ್ ಪಡೆದು, ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಗಿರಣಿ ಹಾಕಿದ. ಹಾಳೆಗಳು ತೆಳುವಾದವು, ಅಗ್ಗವಾದವು. ಆಮೇಲೆ ಕೆಳಗಿನ ಮರ ಹಸಿಯಿದ್ದರೂ, ಮೂಲೆಗಳನ್ನು ಸರಿಯಾಗಿ ಕೂಡಿಸದಿದ್ದರೂ ಮೇಲೊಂದು ಹಾಳೆ ಅಂಟಿಸಿ ಮಾರುವವರು ಹುಟ್ಟಿಕೊಂಡರು. ಹಳೆಯ ಕುಶಲಕರ್ಮಿ ಕೆಳಗಿನ ಒಡಲಿನ ಮೂಲೆಗಳನ್ನು ಪಾರಿವಾಳದ ಬಾಲದಂತಹ ಹಲ್ಲುಗಳಿಂದ ಒಂದರೊಳಗೊಂದು ಕಚ್ಚಿಸಿ, ಯಾರಿಗೂ ಕಾಣದಂತೆ ಹಾಳೆ ಮುಚ್ಚುತ್ತಿದ್ದ. ಕಾಣದ ಕೆಲಸಕ್ಕೂ ಅಷ್ಟೇ ಶ್ರದ್ಧೆ. ಹೊಸಬರು ಕಾಣದಿರುವುದನ್ನೇ ಅನುಕೂಲ ಮಾಡಿಕೊಂಡರು. 1864ರಲ್ಲಿ ಚಾರ್ಲ್ಸ್ ಡಿಕನ್ಸ್ ಪ್ರಕಟಿಸತೊಡಗಿದ ಒಂದು ಕಾದಂಬರಿಯಲ್ಲಿ ಥಳಕಿನ ಹೊಸ ಶ್ರೀಮಂತ ದಂಪತಿಗೆ ವಿನಿಯರಿಂಗ್ ಎಂದೇ ಹೆಸರಿಟ್ಟ. ಅಲ್ಲಿಗೆ ಪಾಪ, ವಿನಿಯರ್ ಬೈಗುಳವಾಯಿತು!

ಹೆಣ್ಣುಮಕ್ಕಳಿಗೆಂದೇ ಸಣ್ಣ ಮೇಜುಗಳು ಬಂದದ್ದೂ ಈ ಕಾಲದಲ್ಲೇ. ಡೇವನ್‌ಪೋರ್ಟ್ ಎಂಬುದು ಅಂಥದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲ್ಯಾಂಕಾಸ್ಟರ್‌ನ ಗಿಲ್ಲೋ ಎಂಬ ಪ್ರಸಿದ್ಧ ತಯಾರಕರು ಕ್ಯಾಪ್ಟನ್ ಡೇವನ್‌ಪೋರ್ಟ್ ಎಂಬವನಿಗಾಗಿ ಮಾಡಿದ ಮೇಜಿನಿಂದ ಆ ಹೆಸರು ಬಂತು. ಆದರೆ ಬಳಸಿ ಮೆಚ್ಚಿದವರು ಹೆಚ್ಚಾಗಿ ಹೆಂಗಸರು. ಮೇಲೆ ಇಳಿಜಾರು ಹಲಗೆ, ಡ್ರಾಯರ್‌ಗಳು ಮುಂದೆ ಅಲ್ಲ, ಪಕ್ಕದಲ್ಲಿ. ಕೂತವಳ ಮೊಣಕಾಲಿಗೆ ತಗಲುವುದಿಲ್ಲ. ಅಷ್ಟೂ ಇಲ್ಲದವರಿಗೆ ಮಡಿಲಲ್ಲಿಡುವ ಬರೆಯುವ ಪೆಟ್ಟಿಗೆ. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಬಳಿ ಮಹಾಗನಿಯ ಅಂಥದೊಂದು ಪೆಟ್ಟಿಗೆಯಿತ್ತು. 1798ರಲ್ಲಿ ಡಾರ್ಟ್‌ಫರ್ಡ್ ಎಂಬಲ್ಲಿ ವಸತಿಗೃಹದವರು ಕೈತಪ್ಪಿ ಅದನ್ನು ಬೇರೊಂದು ಗಾಡಿಗೆ ಹಾಕಿಬಿಟ್ಟರು. ಆ ಗಾಡಿ ವೆಸ್ಟ್ ಇಂಡೀಸ್‌ಗೆ ಹೋಗುವವರದು! ಕುದುರೆ ಸವಾರನನ್ನು ಅಟ್ಟಿಸಿ ಕೆಲವು ಮೈಲಿ ದೂರದಲ್ಲಿ ಹಿಂತಿರುಗಿಸಿಕೊಂಡರು. ಪೆಟ್ಟಿಗೆಯಲ್ಲಿ ಏಳು ಪೌಂಡ್ ಹಣವಿತ್ತು, ಅವಳ ಪಾಲಿಗೆ ಅದೇ ಸರ್ವಸ್ವ. ಆ ಪೆಟ್ಟಿಗೆ 1999ರಿಂದ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಮತ್ತೆ ನಮ್ಮ ಮುದುಕರ ಶೆಡ್ಡಿಗೆ. ಮಗಳ ಬ್ಯೂರೋದ ಡ್ರಾಯರ್ ಎಳೆದು ತಿರುವಿ ತೋರಿಸಿದರು. ತಳದಲ್ಲಿ ಪ್ಲೈವುಡ್, ಮೂಲೆಯ ಹಲ್ಲುಗಳೆಲ್ಲ ಒಂದೇ ಅಳತೆ. ಅಂದರೆ ಯಂತ್ರದ ಕೆಲಸ, 1920ರ ದಶಕದ್ದು, ಮುನ್ನೂರು ವರ್ಷದ ಹಳೆಯ ಶೈಲಿಯ ನಕಲು. ನನ್ನ ಮುಖ ಬಾಡಿದ್ದನ್ನು ಕಂಡು ಅವರೇ ಸೇರಿಸಿದರು, ನಕಲಾದರೂ ಶ್ರದ್ಧೆಯಿಂದ ಮಾಡಿದ್ದಾರೆ, ಕೆಳಗಿನ ಪೈನ್ ಚೆನ್ನಾಗಿ ಒಣಗಿದ ಮರ, ಅಂಟೂ ಹಳೆಯ ಸರೇಸೇ. ಸರೇಸಿನ ದೊಡ್ಡ ಗುಣವೆಂದರೆ ಬಿಸಿ ಮತ್ತು ತೇವ ತಗಲಿದರೆ ಬಿಟ್ಟುಕೊಡುತ್ತದೆ. ಮೇಜು ಕೆಟ್ಟದ್ದೂ ಅದರಿಂದ, ಸರಿಯಾಗುವುದೂ ಅದರಿಂದಲೇ. ಈಗಿನ ಕೃತಕ ಅಂಟು ಹಾಕಿದ್ದರೆ ಬಿಚ್ಚಿ ಕೂಡಿಸುವಂತಿರಲಿಲ್ಲ ಎಂದರು. ಹಿಂದೆ ಯಾರೋ ಹಾಗೆ ಅಂಟಿಸಿದ ಒಂದು ಮೇಜು ಅವರ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು.

ಗುಳ್ಳೆಯ ಮೇಲೆ ನಾರಿನ ಗುಂಟ, ಕೂದಲೆಳೆಯಷ್ಟು ಸೀಳಿದರು. ಬಿಸಿ ಸರೇಸನ್ನು ತೆಳು ಅಲಗಿನಿಂದ ಒಳಗೆ ತೂರಿಸಿ, ಮೇಲೆ ಕಾಗದವಿಟ್ಟು, ಬೆಚ್ಚಗಿನ ಹಲಗೆಯಿಟ್ಟು ರಾತ್ರಿಯಿಡೀ ಬಿಗಿದಿಟ್ಟರು. ಕಿತ್ತುಬಂದ ಚೂರನ್ನು ಮಗಳು ಲಕೋಟೆಯಲ್ಲಿ ಇಟ್ಟಿದ್ದು ಒಳ್ಳೆಯದಾಯಿತು. ಅದನ್ನೇ ಕೂರಿಸಿದರು. ಪಕ್ಕದಲ್ಲಿ ಪುಡಿಯಾಗಿ ಹೋದ ಅಕ್ಕಿಕಾಳಿನಷ್ಟು ಜಾಗಕ್ಕೆ ತಮ್ಮ ಡಬ್ಬಿಯಿಂದ ಹಳೆಯ ಅಕ್ರೋಟ್ ಹಾಳೆಯ ಒಂದು ತುಣುಕು ಆರಿಸಿದರು. ಮುರಿದುಹೋದ ಮೇಜುಗಳ ಇಂತಹ ಚೂರುಗಳನ್ನು ನಲವತ್ತು ವರ್ಷಗಳಿಂದ ಕೂಡಿಟ್ಟಿದ್ದಾರಂತೆ. ದುರಸ್ತಿಯ ಹಣ ಮೇಜಿನ ಬೆಲೆಗಿಂತ ಹೆಚ್ಚಾಯಿತು. ಅಳಿಯ ಕೊಡಲು ಹೋದ, ನಾನು ಬಿಡಲಿಲ್ಲ.

ನಿಮ್ಮ ಮನೆಯಲ್ಲಿ ವಿನಿಯರ್ ಹೊದಿಸಿದ ಏನಾದರೂ ಇದ್ದರೆ ಅವರು ನನಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒದ್ದೆ ಬಟ್ಟೆ ತಗಲಿಸಬೇಡಿ, ಒಣಗಿದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಬಿಸಿ ಚಹಾ ಕಪ್ಪನ್ನು ನೇರವಾಗಿ ಇಡಬೇಡಿ. ಕಿಟಕಿಯ ಬಿಸಿಲಿಗೆ ಬಣ್ಣ ಹೋಗುತ್ತದೆ, ಗೋಡೆಯ ತೇವಕ್ಕೆ ಅಂಟು ಹೋಗುತ್ತದೆ. ಹಳೆಯದನ್ನು ಹೊಳಪು ಮಾಡಿಸುತ್ತೇವೆಂದು ಮರಳು ಕಾಗದದಿಂದ ತಿಕ್ಕಿಸಬೇಡಿ, ಈಗಿನ ಹಾಳೆ ಒಂದು ಮಿಲಿಮೀಟರೂ ದಪ್ಪವಿರುವುದಿಲ್ಲ, ತಿಕ್ಕಿದರೆ ಹೋಯಿತು. ಚೂರು ಎದ್ದರೆ ಕಸದ ಬುಟ್ಟಿಗೆ ಹಾಕದೆ ಎತ್ತಿಡಿ.

ಮೇಜು ಮನೆಗೆ ಬಂದ ದಿನ ಮಗಳು ಬೆರಳಾಡಿಸಿ ನೋಡಿದಳು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಆ ಸೀಳು ತಿಳಿಯುತ್ತದೆ. ರಾತ್ರಿ ಇಬ್ಬರು ಮಕ್ಕಳೂ ಮಲಗಿದ ಮೇಲೆ ಪಟ್ಟಿಗಳನ್ನು ಎಳೆದು, ಮುಚ್ಚಳ ಮಲಗಿಸಿ ಕೂತಳು. ನಾನು ಅಡುಗೆಮನೆಯ ದೀಪ ಆರಿಸಿ ಬರುವಾಗ ತಲೆಯೆತ್ತಿ, “ಏನು ಬರೆಯುತ್ತೇನೆಂದು ನೀವು ಒಂದು ದಿನವೂ ಕೇಳಲಿಲ್ಲವಲ್ಲ ಉಮ್ಮಾ” ಎಂದಳು. ಬೀಗ ಹಾಕಿಕೊಳ್ಳುವವಳನ್ನು ಕೇಳುವುದೇನು ಎಂದೆ. ಅವಳು ನಕ್ಕು ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆಳೆದಳು.